ಭದ್ರತೆಯ ಶಾಸನಗಳೂ ಹಳೆಯ ಕೊಯಮತ್ತೂರು ಜಿಲ್ಲೆಯ ಜನರೂ

ಈಗಿನ ಭೂಪಟದಲ್ಲಿ ಕೊಯಮತ್ತೂರು ಜಿಲ್ಲೆಯು ಚಿಕ್ಕದು. ೧೯೭೯ರಲ್ಲಿ ಈರೋಡು ಬೇರೆಯಾಯಿತು. ೨೦೦೯ರಲ್ಲಿ ತಿರುಪ್ಪೂರು ಬೇರೆಯಾಯಿತು. ಅದಕ್ಕೂ ಹಿಂದಿನ, ಅಂದರೆ ೧೯೫೬ರ ನವೆಂಬರ್ ೧ಕ್ಕೆ ಮುಂಚಿನ ಕೊಯಮತ್ತೂರು ಜಿಲ್ಲೆಯಾದರೋ ನೊಯ್ಯಲ್ ನದಿಯ ಬಯಲಿನಿಂದ ಹಿಡಿದು ಮಹದೇಶ್ವರ ಬೆಟ್ಟದ ವರೆಗೂ ಹಬ್ಬಿತ್ತು. ಕೊಳ್ಳೇಗಾಲ ತಾಲ್ಲೂಕು ಅಂದು ಇದಕ್ಕೇ ಸೇರಿದ್ದಿತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರಿಗೆ ಹೋಯಿತು. ಅದರ ಮಗ್ಗುಲಿನ ತಾಳವಾಡಿಯು ಕನ್ನಡವನ್ನೇ ಆಡುತ್ತ ಮದರಾಸು ರಾಜ್ಯದಲ್ಲಿ ಉಳಿಯಿತು. ಈ ಹಳೆಯ ಜಿಲ್ಲೆಯ ಎಲ್ಲೆಯೊಳಗೆ ಕನ್ನಡಿಗರೆಲ್ಲ ಬಲ್ಲ ಇಬ್ಬರು ಹುಟ್ಟಿದರು. ೧೯೨೯ರಲ್ಲಿ ಗಾಜನೂರಿನಲ್ಲಿ ಹುಟ್ಟಿದವರು ಡಾ. ರಾಜಕುಮಾರರು. ೧೯೫೨ರಲ್ಲಿ ಗೋಪಿನಾಥದಲ್ಲಿ ಹುಟ್ಟಿದವನು ವೀರಪ್ಪನ್. ಒಬ್ಬರು ನಾಡಿನ ಮನೆಮನೆಗೂ ಪ್ರಿಯರಾದರು. ಮತ್ತೊಬ್ಬನು ಎರಡು ರಾಜ್ಯಗಳ ಸರ್ಕಾರಗಳಿಗೂ ದುಃಸ್ವಪ್ನವಾದನು. ೨೦೦೦ದ ಬೇಸಗೆ ಕಳೆದು ಮಳೆಗಾಲ ಹಿಡಿದಾಗ ಇವರಿಬ್ಬರ ಹಾದಿಗಳು ಕೂಡಿದುವು. ಆ ಕೂಡುವಿಕೆಯ ನಡುವೆ ಸಿಕ್ಕಿದ್ದವರು ಹೆಸರಿಲ್ಲದ ಕೆಲವು ಬೆಟ್ಟದ ಜನರು. ಅವರನ್ನು ಕುರಿತೇ ನಾವು ಇಲ್ಲಿ ಬರೆಯಲು ಹೊರಟಿರುವುದು.

ರಾಜ್ಯದ ಭದ್ರತೆಗಾಗಿ ಮಾಡುವ ವಿಶೇಷ ಶಾಸನಗಳು ಪ್ರಜೆಯ ಸ್ವಾತಂತ್ರ್ಯವನ್ನು ಏನು ಮಾಡುತ್ತವೆ ಎಂಬ ಪ್ರಶ್ನೆಯನ್ನು ದೂರದ ದೇಶಗಳ ಚರಿತ್ರೆಯಿಂದ ಎತ್ತಿ ಹೇಳುವ ಅಗತ್ಯ ನಮಗಿಲ್ಲ. ನಮ್ಮ ಊರಿನ ಸೆರೆಮನೆಯೇ ಇದೆಯಲ್ಲ. ತೂತ್ತುಕುಡಿಯಲ್ಲಿ ಸ್ವದೇಶೀ ಹಡಗಿನ ಕಂಪನಿಯನ್ನು ಕಟ್ಟಿದ ವ. ಉ. ಚಿದಂಬರಂ ಪಿಳ್ಳೆಯವರಿಗೆ ೧೯೦೮ರ ಜುಲೈಯಲ್ಲಿ ರಾಜದ್ರೋಹದ ಆರೋಪದ ಮೇಲೆ ಎರಡು ಜೀವಾವಧಿ ದೇಶಾಂತರ ಶಿಕ್ಷೆಯನ್ನು ವಿಧಿಸಲಾಯಿತು. ಮೇಲಿನ ನ್ಯಾಯಾಲಯದಲ್ಲಿ ಅದು ಇಳಿಯಿತು. ಅದೇ ತಿಂಗಳು ಅವರನ್ನು ಕೊಯಮತ್ತೂರಿನ ಸೆಂಟ್ರಲ್ ಜೈಲಿಗೆ ತಂದು, ಎತ್ತು ಕಟ್ಟಬೇಕಾದ ಗಾಣಕ್ಕೆ ಹೂಡಿದರು. ವಕೀಲರಾಗಿದ್ದವರು, ಹಡಗಿನ ಒಡೆಯರಾಗಿದ್ದವರು ಬಿಸಿಲಿನಲ್ಲಿ ಎಣ್ಣೆಯ ಗಾಣವನ್ನು ಎಳೆದರು. ೧೯೧೦ರ ಕೊನೆಯಲ್ಲಿ ಅವರನ್ನು ಕಣ್ಣಾನೂರಿಗೆ ಕಳುಹಿಸಿದರು.

ತಿರುಪ್ಪೂರಿನ ಕಥೆ ಮಕ್ಕಳಿಗೆ ಇನ್ನೂ ಚೆನ್ನಾಗಿ ಗೊತ್ತು. ೧೯೩೨ರ ಜನವರಿ ೪ರಂದು ವೈಸರಾಯ್ ವಿಲಿಂಗ್ಡನ್ ಪ್ರಭುವು ಒಂದೇ ದಿನದಲ್ಲಿ ಹಲವು ತುರ್ತು ಆಜ್ಞೆಗಳನ್ನು ಹೊರಡಿಸಿದನು. ಸಂಘ ಕಟ್ಟುವುದು, ಬಹಿಷ್ಕಾರಕ್ಕೆ ಕರೆ ಕೊಡುವುದು ಎಲ್ಲವೂ ಅಪರಾಧವಾಯಿತು. ಅದೇ ದಿನ ಗಾಂಧೀಜಿಯವರ ಬಂಧನವೂ ಆಯಿತು. ಆರು ದಿನಗಳ ಮೇಲೆ, ಜನವರಿ ೧೦ರಂದು, ತಿರುಪ್ಪೂರಿನ ಬೀದಿಯಲ್ಲಿ ಧ್ವಜ ಹಿಡಿದು ನಡೆದ ಮೆರವಣಿಗೆಯ ಮೇಲೆ ಪೋಲೀಸಿನವರ ಲಾಠಿ ಬಿದ್ದಿತು. ಮರುದಿನ ಕುಮಾರನ್ ತೀರಿಕೊಂಡರು. ನಮ್ಮ ವಿದ್ಯಾರ್ಥಿಗಳು ಕೈಬಿಡದ ಧ್ವಜದ ಚಿತ್ರವನ್ನು ಬರೆಯಬಲ್ಲರು. ಆದರೆ ಆ ಚಿತ್ರದ ಹಿಂದೆ ಆರು ದಿನಗಳ ವಯಸ್ಸಿನ ಒಂದು ಆಜ್ಞೆಯಿದ್ದಿತೆಂಬುದನ್ನು ಯಾವ ಪಾಠವೂ ಅವರಿಗೆ ತಿಳಿಸಿದಂತೆ ಕಾಣೆವು.

ಪರಕೀಯರ ಆಳಿಕೆಯಲ್ಲಿ ಭದ್ರತೆ ಎಂದರೆ ಆಳುವವನ ಭದ್ರತೆ. ಆದುದರಿಂದ ಆ ಕಾಲದ ಅನ್ಯಾಯವನ್ನು ಅನ್ಯಾಯವೆನ್ನಲು ನಮಗೆ ಅಂಜಿಕೆಯಿಲ್ಲ. ಸರ್ಕಾರವು ನಮ್ಮದೇ ಆಗಿ, ಅಪಾಯವೂ ನಿಜವೇ ಆಗಿರುವಾಗ ಏನು ಹೇಳಬೇಕೆಂಬುದು ಅಷ್ಟು ಸುಲಭವಲ್ಲ.

ಸಂವಿಧಾನವನ್ನು ಬರೆದವರಿಗೂ ಇದು ಸುಲಭವಾಗಿರಲಿಲ್ಲ. ೨೨ನೆಯ ಅನುಚ್ಛೇದವನ್ನು ಓದಿದವರಿಗೆ ಇದು ತಿಳಿದೀತು. ಅದರ ಮೊದಲರ್ಧವು, ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕು, ಅವನು ವಕೀಲನನ್ನು ಕಾಣಬಹುದು, ಇಪ್ಪತ್ತುನಾಲ್ಕು ಗಂಟೆಗಳೊಳಗಾಗಿ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುತ್ತದೆ. ಉಳಿದರ್ಧವು, ಮುನ್ನೆಚ್ಚರಿಕೆಯ ಬಂಧನಕ್ಕೆ, ಅಂದರೆ ತಪ್ಪು ನಡೆಯುವ ಮೊದಲೇ ‘ನಡೆದೀತು’ ಎಂಬ ಶಂಕೆಯಿಂದ ಹಿಡಿದಿಡುವ ಬಂಧನಕ್ಕೆ, ಮೇಲಿನ ರಕ್ಷಣೆಗಳು ಸಲ್ಲವು ಎನ್ನುತ್ತದೆ. ಒಂದೇ ಅನುಚ್ಛೇದದ ಒಂದು ಕೈ ಕೊಟ್ಟುದನ್ನು ಮತ್ತೊಂದು ಕೈ ಹಿಂದಕ್ಕೆ ಪಡೆದಿದೆ. ಸಂವಿಧಾನವು ಜಾರಿಗೆ ಬಂದ ವರ್ಷವೇ ಈ ಪ್ರಶ್ನೆಯು ಸುಪ್ರೀಂ ಕೋರ್ಟನ್ನು ಮುಟ್ಟಿತು. ಅದೂ ನಮ್ಮ ಮದರಾಸು ಸರ್ಕಾರದ ಮೇಲಿನ ಮೊಕದ್ದಮೆಯಾಗಿ. ಬಂದಿಯು ಎ. ಕೆ. ಗೋಪಾಲನ್, ಮುಂದೆ ನಮ್ಮ ಕಾಸರಗೋಡಿನಿಂದ ಲೋಕಸಭೆಗೆ ಆರಿಸಿ ಹೋದವರು. ೧೯೫೦ರ ಮೇ ೧೯ರ ತೀರ್ಪಿನಲ್ಲಿ ಶಾಸನವು ಬಹುಮಟ್ಟಿಗೆ ಉಳಿಯಿತು. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ಹೇಳಕೂಡದೆಂದಿದ್ದ ಒಂದು ಕಲಮು ಮಾತ್ರ ಬಿದ್ದುಹೋಯಿತು. ನ್ಯಾಯಮೂರ್ತಿ ಫಜಲ್ ಅಲಿಯವರು ಭಿನ್ನಮತವನ್ನು ಬರೆದರು. ಮುಂದೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೬ರ ಏಪ್ರಿಲ್ ೨೮ರಂದು, ಬಂಧನವನ್ನು ಪ್ರಶ್ನಿಸುವ ಬಾಗಿಲೇ ಮುಚ್ಚಿತು. ಖನ್ನಾ ಅವರೊಬ್ಬರೇ ಅಂದು ಬೇರೆ ನುಡಿದವರು. ಆ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ತಳ್ಳಿಹಾಕಿದುದು ೨೦೧೭ರಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ನಾಲ್ವತ್ತೊಂದು ವರ್ಷ!

ಭಾಷಾ ಅಲ್ಪಸಂಖ್ಯಾತರಾದ ನಾವು ನೆನಪಿಡಬೇಕಾದ ಇನ್ನೊಂದು ತೀರ್ಪು ಉಂಟು. ೧೯೬೨ರ ಹರಿಕಿಸನ್ ಮೊಕದ್ದಮೆ. ಮಹಾರಾಷ್ಟ್ರದಲ್ಲಿ ಬಂಧಿತನಾದ ಅವನಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟಿದ್ದರು. ಅವನಿಗೆ ಇಂಗ್ಲಿಷು ಬಾರದು. ಅಧಿಕಾರಿಯೊಬ್ಬನು ಬಾಯಲ್ಲಿ ವಿವರಿಸಿದುದು ಸಾಲದು, ಬಂದಿಗೆ ತಿಳಿಯುವ ಭಾಷೆಯಲ್ಲಿಯೇ ಕಾರಣವನ್ನು ಕೊಡಬೇಕೆಂದು ನ್ಯಾಯಾಲಯವು ಹೇಳಿತು. ತಾಳವಾಡಿಯ ಬೆಟ್ಟದಲ್ಲಿ ಕನ್ನಡವನ್ನಷ್ಟೆ ಓದಬಲ್ಲವನ ಕೈಗೆ ಬೇರೆ ಲಿಪಿಯ ಕಾಗದವನ್ನು ಕೊಟ್ಟರೆ ಅದು ಕಾರಣ ತಿಳಿಸಿದಂತೆ ಆಗದೆಂಬುದು ಇದರಿಂದ ಸಿದ್ಧ.

ಇನ್ನು ಬೆಟ್ಟದ ಕಥೆಗೆ ಬರೋಣ.

ಅಪಾಯವು ಕಲ್ಪಿತವಾಗಿರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ೧೯೯೧ರ ನವೆಂಬರ್ ೧೦ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ವೀರಪ್ಪನ್ ಕೊಂದನು. ಗೋಪಿನಾಥದ ಜನರಿಗೆ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟು, ಬಂದೂಕಿಲ್ಲದೆಯೇ ಆ ಜನರ ಮನಸ್ಸನ್ನು ಗೆಲ್ಲಲು ಹೊರಟಿದ್ದವರು ಅವರು. ಮರುವರ್ಷ ಆಗಸ್ಟ್ ೧೪ರಂದು ಪೋಲೀಸು ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತವರ ಸಂಗಡಿಗರು ಹೊಂಚಿಗೆ ಬಲಿಯಾದರು. ೧೯೯೩ರ ಏಪ್ರಿಲ್ ೯ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು ೨೨ ಮಂದಿ ಸತ್ತರು. ಸತ್ತವರಲ್ಲಿ ಪೋಲೀಸಿನವರೂ ಇದ್ದರು, ಅವರಿಗೆ ದಾರಿ ತೋರಿಸಲು ಹೋಗಿದ್ದ ಹಳ್ಳಿಯವರೂ ಇದ್ದರು. ಇಂಥವನನ್ನು ಹಿಡಿಯುವುದು ಸರ್ಕಾರದ ಧರ್ಮ. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಬೆಟ್ಟಕ್ಕೆ ಬಂದುವು. ಅವರೊಡನೆ ‘ಟಾಡಾ’ ಶಾಸನವೂ ಬಂದಿತು.

ಪಂಜಾಬಿನ ಭಯೋತ್ಪಾದನೆಗೆಂದು ೧೯೮೫ರಲ್ಲಿ ಹುಟ್ಟಿ ೧೯೮೭ರಲ್ಲಿ ಹೊಸದಾದ ಶಾಸನವದು. ಅದರಲ್ಲಿದ್ದ ಎರಡು ಕಲಮುಗಳನ್ನು ತಿಳಿದರೆ ಸಾಕು. ಸಾಮಾನ್ಯ ಶಾಸನದಲ್ಲಿ ಪೋಲೀಸರ ಮುಂದೆ ಆಡಿದ ತಪ್ಪೊಪ್ಪಿಗೆಯು ಸಾಕ್ಷ್ಯವಾಗದು. ಬ್ರಿಟಿಷರ ಕಾಲದಿಂದಲೂ ಹಾಗೆಯೆ, ಏಕೆಂದರೆ ಠಾಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹುಟ್ಟುತ್ತದೆಂಬುದನ್ನು ಅವರೂ ಬಲ್ಲರು. ಟಾಡಾ ಶಾಸನವಾದರೋ ಸೂಪರಿಂಟೆಂಡೆಂಟರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದೇ ಅಂಗೀಕರಿಸಿತು. ಎರಡನೆಯದಾಗಿ, ಬಂದಿಯು ನಿರ್ದೋಷಿಯೆಂದು ನಂಬಲು ಆಧಾರವಿದೆಯೆಂಬುದು ನ್ಯಾಯಾಧೀಶರಿಗೆ ಮನದಟ್ಟಾದ ಹೊರತು ಜಾಮೀನಿಲ್ಲ. ವಿಚಾರಣೆಯೇ ಆಗದೆ ನಿರ್ದೋಷಿತ್ವವನ್ನು ಮನದಟ್ಟು ಮಾಡುವುದು ಹೇಗೆ? ೧೯೯೪ರಲ್ಲಿ ಕರ್ತಾರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಶಾಸನವನ್ನು ಎತ್ತಿಹಿಡಿಯಿತು. ತಪ್ಪೊಪ್ಪಿಗೆಯ ಕಲಮಿನ ವಿಷಯದಲ್ಲಿ ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ.

ಪಂಜಾಬಿಗೆಂದು ಹೊಲಿದ ಅಂಗಿಯನ್ನು ಬೆಟ್ಟದ ಹಳ್ಳಿಗೆ ತೊಡಿಸಿದಾಗ ಆದುದೇನು? ವೀರಪ್ಪನ್ ಸಿಗಲಿಲ್ಲ. ಕಾಡಿನ ಅಂಚಿನಲ್ಲಿ ಮನೆಯಿದ್ದವರು ಸಿಕ್ಕಿದರು. ಅಕ್ಕಿ, ಉಪ್ಪು, ಬೇಳೆ ಒದಗಿಸಿದರೆಂದು, ದಾರಿ ಹೇಳಿದರೆಂದು, ಕಂಡರೂ ಕಂಡೆವೆಂದು ಬಂದು ತಿಳಿಸಲಿಲ್ಲವೆಂದು ಶಂಕೆ. ಕಾಡಿನಲ್ಲಿ ದನ ಮೇಯಿಸುವವನ ಮುಂದೆ ಬಂದೂಕು ಹಿಡಿದವನು ನಿಂತು ಅನ್ನ ಕೇಳಿದರೆ ಕೊಡದಿರುವುದು ಸಾಧ್ಯವೆ? ಕೊಟ್ಟರೆ ಪಡೆಯವರ ಭಯ, ಕೊಡದಿದ್ದರೆ ಅವನ ಭಯ. ಪಡೆಗೆ ಸುದ್ದಿ ಕೊಟ್ಟರೆಂದು ವೀರಪ್ಪನ್ ಕೊಂದ ಹಳ್ಳಿಗರೂ ಉಂಟಷ್ಟೆ. ಸೋಲಿಗರು, ಲಿಂಗಾಯತ ರೈತರು, ತಮಿಳು ಒಕ್ಕಲುಗಳು ಎಂಬ ಭೇದವಿಲ್ಲದೆ ಎಲ್ಲರೂ ಈ ಇಕ್ಕಟ್ಟಿನಲ್ಲಿ ಬಿದ್ದರು. ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಷಾಪು’ ಎಂದು ಕರೆಯುತ್ತಿದ್ದ ಒಂದು ಕಟ್ಟಡದಲ್ಲಿ ತಮಗಾದ ಹಿಂಸೆಯನ್ನು ಅನೇಕರು ಮುಂದೆ ವಿಚಾರಣೆಯ ಸಮಿತಿಗೆ ಹೇಳಿದರು. ಅವುಗಳನ್ನು ಇಲ್ಲಿ ವಿವರಿಸಲಾರೆವು. ಈ ಪತ್ರಿಕೆಯನ್ನು ಎಳೆಯರೂ ಓದುತ್ತಾರೆ. ಗಂಡಸರಂತೆ ಹೆಂಗಸರೂ ಅದಕ್ಕೆ ಹೊರತಾಗಿರಲಿಲ್ಲವೆಂದಷ್ಟು ಹೇಳಿದರೆ ಸಾಕು.

ನೂರಕ್ಕೂ ಹೆಚ್ಚು ಮಂದಿ ಟಾಡಾ ಬಂದಿಗಳಾಗಿ ಮೈಸೂರಿನ ಸೆರೆಮನೆಯನ್ನು ಸೇರಿದರು. ೧೯೯೫ರ ಮೇ ತಿಂಗಳಲ್ಲಿ, ದೇಶದಾದ್ಯಂತ ದೂರುಗಳೆದ್ದ ಮೇಲೆ, ಟಾಡಾ ಶಾಸನವನ್ನು ಮುಂದುವರಿಸದೆ ಸಾಯಲು ಬಿಟ್ಟರು. ಶಾಸನವು ಸತ್ತರೂ ಅದರ ಕಾಲದಲ್ಲಿ ಹೂಡಿದ ಮೊಕದ್ದಮೆಗಳು ಸಾಯಲಿಲ್ಲ. ಮೈಸೂರಿನ ಬಂದಿಗಳು ೧೯೯೬ರಲ್ಲಿಯೂ ಬಂದಿಗಳೆ, ೧೯೯೯ರಲ್ಲಿಯೂ ಬಂದಿಗಳೆ. ಅವರ ಮನೆಗಳಲ್ಲಿ ಆ ವರ್ಷಗಳ ಉಳುಮೆ ಯಾರದು, ಮಕ್ಕಳ ಓದು ಏನಾಯಿತು ಎಂಬುದನ್ನು ಉಪಾಧ್ಯಾಯ ಬಂಧುಗಳು ತಾವೇ ಊಹಿಸಿಯಾರು.

ಹೀಗಿರಲು ೨೦೦೦ದ ಜುಲೈ ೩೦ರ ರಾತ್ರಿ, ದೊಡ್ಡ ಗಾಜನೂರಿನ ತಮ್ಮ ಮನೆಯಲ್ಲಿದ್ದ ರಾಜಕುಮಾರರನ್ನು ವೀರಪ್ಪನ್ ಹಿಡಿದು ಕಾಡಿಗೆ ಒಯ್ದನು. ಅವರಿಗೆ ಆಗ ಎಪ್ಪತ್ತೊಂದು ವರ್ಷ. ಅವನು ಮುಂದಿಟ್ಟ ಬೇಡಿಕೆಗಳಲ್ಲಿ ಮೈಸೂರಿನ ಟಾಡಾ ಬಂದಿಗಳ ಬಿಡುಗಡೆಯೂ ಒಂದು. ಏಳು ವರ್ಷಗಳಿಂದ ಯಾರೂ ಕೇಳದಿದ್ದ ಹೆಸರುಗಳು ಒಮ್ಮೆಗೇ ಎರಡು ಸರ್ಕಾರಗಳ ಕಿವಿಗೆ ಬಿದ್ದುವು. ಹತ್ತು ದಿನಗಳಲ್ಲಿ ಕರ್ನಾಟಕದ ವಿಶೇಷ ಅಭಿಯೋಜಕರು ೫೧ ಮಂದಿಯ ಮೇಲಿನ ಟಾಡಾ ಆರೋಪಗಳನ್ನು ಹಿಂದೆಗೆದುಕೊಳ್ಳಲು ಅರ್ಜಿ ಹಾಕಿದರು. ಮೈಸೂರಿನ ನ್ಯಾಯಾಲಯವೂ ಅದೇ ತಿಂಗಳಲ್ಲಿ ಒಪ್ಪಿತು.

ಇದನ್ನು ತಡೆಯಲು ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. ಹೊಂಚಿನಲ್ಲಿ ಸತ್ತ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದರ ತಂದೆ. ಒಂದು ಕಡೆ ಕಾಡಿನಲ್ಲಿ ಸಿಕ್ಕಿಬಿದ್ದ ವೃದ್ಧ ಕಲಾವಿದ, ಒಂದು ಕಡೆ ಮಗನನ್ನು ಕಳೆದುಕೊಂಡ ತಂದೆ, ನಡುವೆ ಸೆರೆಮನೆಯ ಬಂದಿಗಳು. ೨೦೦೦ದ ನವೆಂಬರ್ ೭ರಂದು ತೀರ್ಪು ಬಂದಿತು. ಅಭಿಯೋಜಕನು ತನ್ನ ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು, ನ್ಯಾಯಾಲಯವೂ ಸಾರ್ವಜನಿಕ ಹಿತವನ್ನು ಪರಿಶೀಲಿಸಿಯೇ ಒಪ್ಪಬೇಕು. ಇಲ್ಲಿ ಅದಾವುದೂ ನಡೆದಿಲ್ಲ ಎಂದು ಬಿಡುಗಡೆಯ ಏರ್ಪಾಡನ್ನು ರದ್ದುಮಾಡಿದರು. ಎಂಟು ದಿನಗಳ ಮೇಲೆ, ನವೆಂಬರ್ ೧೫ರಂದು, ೧೦೮ ದಿನಗಳ ಸೆರೆಯ ಬಳಿಕ ರಾಜಕುಮಾರರು ಹಿಂದಿರುಗಿದರು. ನಾಡು ದೀಪ ಹಚ್ಚಿತು. ಮೈಸೂರಿನ ಬಂದಿಗಳು ಇದ್ದಲ್ಲಿಯೇ ಇದ್ದರು.

ಈ ತೀರ್ಪನ್ನು ಕುರಿತು ನಮ್ಮ ಅಭಿಪ್ರಾಯವನ್ನು ಹೇಳಲೇಬೇಕು. ದರೋಡೆಕೋರನ ಬೆದರಿಕೆಗೆ ನ್ಯಾಯದ ಕಡತವನ್ನು ಒಪ್ಪಿಸಕೂಡದೆಂದುದು ಸರಿ. ಅಬ್ದುಲ್ ಕರೀಮರ ಸಂಕಟವೂ ಸರಿ. ಆದರೆ ಆ ೫೧ ಮಂದಿಯ ಮೇಲೆ ಆಧಾರವಿಲ್ಲದಿದ್ದರೆ ಅವರನ್ನು ೧೯೯೪ರಲ್ಲಿಯೋ ೧೯೯೫ರಲ್ಲಿಯೋ ಬಿಡಬೇಕಾಗಿತ್ತು. ಆಧಾರವಿದ್ದರೆ ಅಷ್ಟರಲ್ಲಿ ವಿಚಾರಣೆ ಮುಗಿಸಿ ಶಿಕ್ಷಿಸಬೇಕಾಗಿತ್ತು. ಎರಡನ್ನೂ ಮಾಡದೆ ಇಟ್ಟುಕೊಂಡುದರಿಂದಲೇ ಅವರ ಸ್ವಾತಂತ್ರ್ಯವು ಒತ್ತೆಯ ಹಣದಂತಾಯಿತು. ಹಕ್ಕಾಗಿ ಬರಬೇಕಾಗಿದ್ದುದು ದರೋಡೆಕೋರನ ಬಾಯಿಂದ ಬೇಡಿಕೆಯಾಗಿ ಹೊರಟಿತು; ಹಾಗೆ ಹೊರಟುದರಿಂದಲೇ ಅದನ್ನು ಕೊಡಲಾಗದೆಹೋಯಿತು. ವಿಚಾರಣೆಯಿಲ್ಲದ ದೀರ್ಘ ಸೆರೆಯು ಬಂದಿಗೆ ಮಾತ್ರ ಕೇಡಲ್ಲ, ಭದ್ರತೆಗೂ ಕೇಡು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಂಡಿಲ್ಲ. ಬೇಡಿಕೆಯಾಗಿ ಮುಂದಿಡಲು ವೀರಪ್ಪನ್ನನಿಗೆ ಆ ಬಂದಿಗಳನ್ನು ಒದಗಿಸಿಕೊಟ್ಟುದು ನಮ್ಮ ವಿಳಂಬವೇ.

೨೦೦೧ರ ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರಿನ ಟಾಡಾ ನ್ಯಾಯಾಲಯವು ತೀರ್ಪು ಕೊಟ್ಟಾಗ ಬಹುಪಾಲು ಆರೋಪಿಗಳು ನಿರ್ದೋಷಿಗಳೆಂದು ಬಿಡುಗಡೆಯಾದರು. ಬಂಧನವಾಗಿ ಸುಮಾರು ಎಂಟು ವರ್ಷಗಳಾಗಿದ್ದುವು. ಶಿಕ್ಷೆಯಾದವರಲ್ಲಿ ನಾಲ್ವರ ಜೀವಾವಧಿಯನ್ನು ಸುಪ್ರೀಂ ಕೋರ್ಟು ೨೦೦೪ರಲ್ಲಿ ಮರಣದಂಡನೆಗೆ ಏರಿಸಿತು. ಕ್ಷಮಾಭಿಕ್ಷೆಯ ಅರ್ಜಿಯ ಮೇಲೆ ಅತಿಯಾದ ವಿಳಂಬವಾಯಿತೆಂದು ಅದೇ ನ್ಯಾಯಾಲಯವು ೨೦೧೪ರ ಜನವರಿಯಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು. ವೀರಪ್ಪನ್ ೨೦೦೪ರ ಅಕ್ಟೋಬರ್ ೧೮ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ತಮಿಳುನಾಡಿನ ಪಡೆಯ ಗುಂಡಿಗೆ ಸತ್ತನು. ಅವನ ಬಾಯಿಂದ ನ್ಯಾಯಾಲಯಕ್ಕೆ ಯಾವ ಮಾತೂ ಬರಲಿಲ್ಲ.

ಬೆಟ್ಟದ ಜನರ ದೂರು ಎಲ್ಲಿಗೆ ಹೋಯಿತು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಹುಟ್ಟಿದುದು ೧೯೯೩ರ ಅಕ್ಟೋಬರಿನಲ್ಲಿ, ಪಾಲಾರಿನ ಸ್ಫೋಟವಾದ ವರ್ಷವೇ. ೧೯೯೯ರಲ್ಲಿ ಆಯೋಗವು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಸಿ. ಬಿ. ಐ.ಯ ಹಿಂದಿನ ನಿರ್ದೇಶಕರಾದ ಸಿ. ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ೨೦೦೩ರ ಕೊನೆಯಲ್ಲಿ ವರದಿ ಸಿದ್ಧವಾಯಿತು. ೨೦೦೭ರ ಜನವರಿಯಲ್ಲಿ ಆಯೋಗವು ೮೯ ಮಂದಿಗೆ ಒಟ್ಟು ೨ ಕೋಟಿ ೮೦ ಲಕ್ಷ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ಶಿಫಾರಸು ಮಾಡಿತು. ಐದನೆಯ ತರಗತಿಯ ಹುಡುಗನೂ ಭಾಗಿಸಿ ಹೇಳಬಲ್ಲನು: ತಲೆಗೆ ಸರಾಸರಿ ಮೂರು ಲಕ್ಷಕ್ಕೆ ತುಸು ಹೆಚ್ಚು. ಹದಿನಾಲ್ಕು ವರ್ಷಗಳ ಮೇಲೆ. ಆಯೋಗವನ್ನು ನಾವು ಹಳಿಯುವುದಿಲ್ಲ. ಅದೊಂದಿಲ್ಲದಿದ್ದರೆ ಆ ಹೇಳಿಕೆಗಳು ಕಾಗದಕ್ಕೆ ಇಳಿಯುತ್ತಲೇ ಇರಲಿಲ್ಲ. ಆದರೂ ಕೈಕಾಲು ಮುರಿದ ಮೇಲೆ ಕೊಡುವುದು ಹಣ ಮಾತ್ರವೆ.

ಬೆಟ್ಟದಿಂದ ಕೊಯಮತ್ತೂರು ಪಟ್ಟಣಕ್ಕೆ ಇಳಿದರೆ ಇದೇ ಕಾಲದ ಇನ್ನೊಂದು ಕಥೆಯುಂಟು. ೧೯೯೭ರ ನವೆಂಬರ್ ೨೯ರಂದು ಪೋಲೀಸು ಪೇದೆಯೊಬ್ಬನ ಕೊಲೆಯಾಯಿತು. ಅದರ ಬೆನ್ನಿಗೆ ನಡೆದ ಗಲಭೆಯಲ್ಲಿ ೧೮ ಮುಸಲ್ಮಾನರು ಸತ್ತರು. ೧೯೯೮ರ ಫೆಬ್ರವರಿ ೧೪ರಂದು ಸಾಲುಸಾಲಾಗಿ ಬಾಂಬುಗಳು ಸಿಡಿದು ೫೮ ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ವೇಳೆಗೆ ಟಾಡಾ ಇರಲಿಲ್ಲ, ಅದರ ಬದಲಿಗೆ ಬಂದ ಪೋಟಾ ಶಾಸನವು ಇನ್ನೂ ಹುಟ್ಟಿರಲಿಲ್ಲ. ಸಾಮಾನ್ಯ ದಂಡಸಂಹಿತೆ, ಸ್ಫೋಟಕಗಳ ಶಾಸನ ಇವುಗಳಿಂದಲೇ ವಿಚಾರಣೆ ನಡೆದು ೨೦೦೭ರಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಠಾಣೆಯ ತಪ್ಪೊಪ್ಪಿಗೆಯಿಲ್ಲದಿದ್ದರೆ ಭಯೋತ್ಪಾದಕರನ್ನು ಶಿಕ್ಷಿಸಲಾಗದೆಂಬ ವಾದಕ್ಕೆ ನಮ್ಮ ಊರೇ ಉತ್ತರ ಕೊಟ್ಟಿದೆ. ಆದರೆ ಸಾಮಾನ್ಯ ಶಾಸನದಲ್ಲಿಯೂ ಕಾಲವು ಕರುಣೆ ತೋರಲಿಲ್ಲ. ೧೯೯೮ರ ಮಾರ್ಚಿಯಲ್ಲಿ ಬಂಧಿತರಾದ ಕೇರಳದ ರಾಜಕೀಯ ನಾಯಕ ಅಬ್ದುಲ್ ನಾಸರ್ ಮದನಿಯವರು ಈ ಮೊಕದ್ದಮೆಯಲ್ಲಿ ನಿರ್ದೋಷಿಯೆಂದು ಹೊರಬಂದುದು ೨೦೦೭ರ ಆಗಸ್ಟ್ ೧ರಂದು. ಒಂಬತ್ತು ವರ್ಷಗಳನ್ನು ಅವರು ವಿಚಾರಣೆಯ ಬಂದಿಯಾಗಿಯೇ ಕಳೆದಿದ್ದರು.

ಪೋಟಾ ೨೦೦೨ರಲ್ಲಿ ಬಂದು ೨೦೦೪ರಲ್ಲಿ ಹೋಯಿತು. ಅದರ ಬಹುಭಾಗವು ೧೯೬೭ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಶಾಸನದೊಳಗೆ ತಿದ್ದುಪಡಿಗಳಾಗಿ ಸೇರಿಕೊಂಡಿತು. ಪೋಲೀಸರ ಮುಂದಿನ ತಪ್ಪೊಪ್ಪಿಗೆಯು ಮತ್ತೆ ಬರಲಿಲ್ಲವೆಂಬುದು ಸಮಾಧಾನ. ಜಾಮೀನಿನ ಬಿಗಿಯು ೨೦೦೮ರಲ್ಲಿ ಹಿಂದಿರುಗಿತು. ವಿಚಾರಣೆಯು ಬೇಗ ಮುಗಿಯುವ ಸಂಭವವಿಲ್ಲದೆ ಬಂದಿಯು ಬಹುಕಾಲ ಸೆರೆಯಲ್ಲಿ ಕಳೆದಿದ್ದರೆ ಆ ಬಿಗಿಯಿದ್ದರೂ ಮೇಲಿನ ನ್ಯಾಯಾಲಯಗಳು ಜಾಮೀನು ಕೊಡಬಹುದೆಂದು ಸುಪ್ರೀಂ ಕೋರ್ಟು ೨೦೨೧ರ ನಜೀಬ್ ಮೊಕದ್ದಮೆಯಲ್ಲಿ ಹೇಳಿದೆ. ಪಿಳ್ಳೆಯವರನ್ನು ಗಾಣಕ್ಕೆ ಕಟ್ಟಿದ ರಾಜದ್ರೋಹದ ಕಲಮನ್ನು ೨೦೨೨ರ ಮೇ ತಿಂಗಳಲ್ಲಿ ತಡೆಹಿಡಿಯಲಾಯಿತು. ೨೦೨೪ರ ಜುಲೈ ೧ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಹೊಸದು ಬಂದಿದೆ. ಅದರ ೧೫೨ನೆಯ ಕಲಮಿನಲ್ಲಿ ಹಳೆಯದರ ನೆರಳು ಎಷ್ಟಿದೆಯೆಂಬುದನ್ನು ಬಲ್ಲವರು ಚರ್ಚಿಸುತ್ತಿದ್ದಾರೆ.

ಇವೆಲ್ಲ ದೊಡ್ಡ ನ್ಯಾಯಾಲಯಗಳ ಮಾತು. ಬೆಟ್ಟದ ಬಂದಿಗೆ ಬೇಕಾಗಿದ್ದುದು ಎಂಟನೆಯ ವರ್ಷದ ಬಿಡುಗಡೆಯಲ್ಲ, ಮೊದಲ ದಿನದ ಒಂದು ಚೀಟಿ. ಅವನನ್ನು ಯಾವ ದಿನ, ಯಾವ ಗಂಟೆಗೆ, ಯಾರು ಹಿಡಿದರೆಂಬುದೇ ಬರಹದಲ್ಲಿಲ್ಲದಿದ್ದರೆ ಇಪ್ಪತ್ತುನಾಲ್ಕು ಗಂಟೆಗಳನ್ನು ಎಲ್ಲಿಂದ ಎಣಿಸುವುದು? ೧೯೯೬ರ ಡಿಸೆಂಬರ್ ೧೮ರಂದು ಡಿ. ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಚೀಟಿಯನ್ನು ಕಡ್ಡಾಯ ಮಾಡಿತು. ಬಂಧಿಸಲು ಬಂದವನ ಎದೆಯ ಮೇಲೆ ಹೆಸರು ಕಾಣಬೇಕು, ಬಂಧನದ ವೇಳೆ ಮತ್ತು ದಿನಾಂಕವನ್ನು ಬರೆದು ಬಂದಿಯ ರುಜು ಪಡೆಯಬೇಕು, ಸಂಬಂಧಿಕರಿಗೆ ತಿಳಿಸಬೇಕು, ನಾಲ್ವತ್ತೆಂಟು ಗಂಟೆಗೊಮ್ಮೆ ವೈದ್ಯರು ನೋಡಬೇಕು. ಮೈಸೂರಿನ ಬಂದಿಗಳ ಪಾಲಿಗೆ ಇದು ಮೂರು ವರ್ಷ ತಡವಾಗಿತ್ತು. ಬಂಧನದ ಚೀಟಿಯ ಈ ನಿಯಮವು ಈಗ ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ೩೬ನೆಯ ಕಲಮಿನಲ್ಲಿ ಸೇರಿದೆ. ಚೀಟಿಗೆ ಬಂದಿಯ ಮನೆಯವರೊಬ್ಬರು ಸಾಕ್ಷಿ ಹಾಕಬೇಕು. ಇಲ್ಲದಿದ್ದರೆ ಆ ಊರಿನ ಗೌರವಸ್ಥರೊಬ್ಬರು ಹಾಕಬೇಕು ಎಂದು ಅದರಲ್ಲಿದೆ. ತಾಳವಾಡಿಯ ಬೆಟ್ಟದ ಎಷ್ಟೋ ಹಳ್ಳಿಗಳಲ್ಲಿ ರುಜು ಹಾಕುವ ಮೊದಲು ಆ ಚೀಟಿಯನ್ನು ತಮಿಳಿನಲ್ಲಿ ಓದಿ ಕನ್ನಡದಲ್ಲಿ ತಿಳಿಸಬಲ್ಲ ಗೌರವಸ್ಥರೆಂದರೆ ಶಾಲೆಯ ಮೇಷ್ಟರೇ.